ಕಿಟಕಿ ಇದ್ದ ಗೋಡೆ

"ಗೋಡೆ ಮುಟ್ಟಬೇಡಿ ಯಜಮಾನ್ರೇ, ಚಾರಿತ್ರಿಕ ಗೋಡೆ ಅದು" ಎಂದಳು ಗೈಡ್ ಮಾರ್ಜರಿ. ಅಮೆರಿಕದ ಮಾಜಿ ಅಧ್ಯಕ್ಷರೊಬ್ಬರು ಹುಟ್ಟಿದ ಮನೆ ಎಂದು ಅವಳಿಗೂ ಹಳೇ ಕಾಲದ ವೇಷ ಹಾಕಿಸಿದ್ದರು. ನೆಲ ಗುಡಿಸುವ ಲಂಗ, ತಲೆಗೆ ಬಿಳಿ ಕುಲಾವಿ, ಕಾಲಿಗೆ ಮಾತ್ರ ಜಾಗಿಂಗ್ ಶೂ.

ಮುದುಕ ಡೆಲ್ಬರ್ಟ್ ಕೈ ತೆಗೆಯಲಿಲ್ಲ. ಅಡುಗೆಮನೆಯ ಆ ಗೋಡೆಯನ್ನು ಅಂಗೈಯಲ್ಲಿ ಸವರುತ್ತಲೇ ಇದ್ದ. "ಇಲ್ಲೊಂದು ಕಿಟಕಿ ಇತ್ತಲ್ಲ ತಾಯಿ, ಎಲ್ಲಿ ಹೋಯ್ತು?"

"ಓ, ಅದಾ! ಅಧ್ಯಕ್ಷರ ಕಾಲದಲ್ಲಿ ಇರ್ಲಿಲ್ಲ ಅದು. ಆಮೇಲೆ ಯಾರೋ ಹಾಲಿನ ಲಾರಿ ಓಡಿಸೋರು ಇಲ್ಲಿ ಇದ್ರಂತೆ. ಅವರಿಗೇನು ಗೊತ್ತು ಪಾಪ, ಇಂಥಾ ಗೋಡೇನ ಒಡೆದು ಕಿಟಕಿ ಕೂರಿಸಿಬಿಟ್ಟಿದ್ರು. ನಮ್ಮ ಸ್ಮಾರಕ ಸಂಘದವರು ಮನೆ ಕೊಂಡ್ಕೊಂಡ ಮೇಲೆ ಮುಚ್ಚಿಸಿದ್ರು. ಈಗ ನೋಡಿ, ಹೆಂಗಿದೆ!"

ಹಾಲಿನ ಲಾರಿ ಓಡಿಸುತ್ತಿದ್ದವನು ಇದೇ ಡೆಲ್ಬರ್ಟ್. ಮೂವತ್ತು ವರ್ಷಕ್ಕೂ ಮೇಲೆ ಈ ಮನೆಯಲ್ಲೇ ಸಂಸಾರ ಮಾಡಿದವನು. ಹೆಂಡತಿ ವಿಲ್ಮಾ ಪಾತ್ರೆ ತೊಳೆಯುತ್ತಾ ದಾರಿ ನೋಡಲಿ ಎಂದು ತಾನೇ ಗೋಡೆ ಕೊರೆದು ಆ ಕಿಟಕಿ ಕೂರಿಸಿದ್ದ. ಮಗಳು ರೊವೀನಾ ಅವನ ತೋಳು ಚಿವುಟಿದಳು. "ಸುಮ್ನಿರಪ್ಪಾ. ಜನ ನೋಡ್ತಿದಾರೆ."

ತಪ್ಪು ಅವಳದೇ. ಓಹಾಯೋದಲ್ಲಿ ಅಧ್ಯಕ್ಷರ ಮನೆಗಳಿಗೇನು ಬರವೇ? ಅಪ್ಪನನ್ನು ಕಾರಿನಲ್ಲಿ ಕೂರಿಸಿಕೊಂಡು ಒಂದೊಂದೇ ತೋರಿಸುತ್ತಾ ಹೊರಟಿದ್ದಳು. "ಎಲ್ಲಿಗಾದ್ರೂ ಕರ್ಕೊಂಡು ಹೋಗು, ಆ ಮನೆಗೆ ಮಾತ್ರ ಬೇಡ" ಅಂತ ಅವನು ಮೊದಲೇ ಹೇಳಿದ್ದ. ಅಮ್ಮನ ಅಡುಗೆಮನೆ ಒಂದು ಸಲ ನೋಡಿದರೆ ಮುದುಕನ ಜೀವಕ್ಕೆ ಸಮಾಧಾನವಾದೀತು ಎಂದು ಹಟ ಹಿಡಿದು ಕರೆತಂದವಳು ಇವಳೇ. ಬಂದು ನೋಡಿದರೆ ಒಲೆಯಿಲ್ಲ, ಸಿಂಕಿಲ್ಲ, ಕಿಟಕಿಯಿಲ್ಲ.

ಮುಂದಿನ ಕೋಣೆಯಲ್ಲಿ ಹಗ್ಗ ಕಟ್ಟಿದ ಆಚೆಗೊಂದು ತೊಟ್ಟಿಲು. "ಅಧ್ಯಕ್ಷರದಾ ಇದು?" ಎಂದ ಡೆಲ್ಬರ್ಟ್.

"ಅವರದಲ್ಲ. ಅವರ ಕಾಲದ್ದು."

"ಆ ಮೇಜು?"

"ಅದೂ ಅವರ ಕಾಲದ್ದೇ. ಹರಾಜಿನಲ್ಲಿ ತಂದಿದ್ದು."

"ಎಷ್ಟು ವರ್ಷ ಇದ್ರು ಪುಣ್ಯಾತ್ಮರು ಇಲ್ಲಿ?"

"ಎರಡು ವರ್ಷ ತುಂಬೋವರೆಗೆ."

"ಅಂದ್ರೆ ಈ ಮನೇಲಿ ಅವರು ಮಾಡಿದ ಘನಂದಾರಿ ಕೆಲಸ ಅಂದ್ರೆ ಚಡ್ಡೀಲಿ ಉಚ್ಚೆ ಹುಯ್ಕೊಂಡಿದ್ದು. ಅಷ್ಟಕ್ಕೆ ಒಂದು ಒಳ್ಳೇ ಕಿಟಕಿ ಬಲಿ!"

ಹಿಂದಿದ್ದವರು ಕಿಸಕ್ಕೆಂದರು. ಮಾರ್ಜರಿ ಮುಖ ಗಂಟು ಹಾಕಿಕೊಂಡಳು. ರೊವೀನಾಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು. "ಅಪ್ಪಾ, ನಿಂಗೆ ಕೈ ಮುಗೀತೀನಿ, ಬಾಯಿ ಮುಚ್ಕೋ" ಎಂದು ಅವನನ್ನು ಕೊನೇ ಕೋಣೆಗೆ ಎಳೆದುಕೊಂಡು ಹೋದಳು.

ಅಲ್ಲಿ ಗೋಡೆ ತುಂಬಾ ಫೋಟೋಗಳು. ದುರಸ್ತಿಗೆ ಮುಂಚಿನದೊಂದು, ಆಮೇಲಿನದೊಂದು, ಜೋಡಿ ಜೋಡಿಯಾಗಿ. ಗುಂಪಿನಲ್ಲಿದ್ದ ದಪ್ಪ ಕನ್ನಡಕದ ಹೆಂಗಸೊಬ್ಬಳು ಒಂದು ಫೋಟೋಗೆ ಬೆರಳು ಮಾಡಿ ಬಿದ್ದು ಬಿದ್ದು ನಕ್ಕಳು. "ಅಯ್ಯೋ ದೇವರೇ, ಇದರೊಳಗೆ ಮನುಷ್ಯರು ಇದ್ರಾ!" ಸವೆದ ನೆಲಹಾಸು, ಹಗ್ಗದ ಮೇಲೆ ಒದ್ದೆ ಬಟ್ಟೆ, ಸಿಂಕಿನ ತುಂಬಾ ಪಾತ್ರೆ. ಕಿಟಕಿಯ ಮುಂದೆ ಈಕಡೆಗೆ ಬೆನ್ನು ಮಾಡಿ ನಿಂತ, ಏಪ್ರನ್ ಕಟ್ಟಿದ ಹೆಂಗಸು. ಕೆಳಗೆ ಗೋಡೆಗೆ ಅಂಟಿಸಿದ ಚೀಟಿ: ಹಾಳುಗೆಡವಿದ ಅಡುಗೆಮನೆ.

ವಿಲ್ಮಾ. ಮನೆ ಅಳೆಯಲು ಸಂಘದವರು ಬಂದ ದಿನ ತೆಗೆದ ಫೋಟೋ ಅದು. ಅವತ್ತು ಅವಳು ಬಿಸಿ ಬಿಸಿ ಸೇಬಿನ ಪೈ ಕೊಯ್ದು ಎಲ್ಲರಿಗೂ ಕೊಟ್ಟಿದ್ದಳು. "ನಿಮ್ಮ ಮನೇನ ಹೂವಿನ ಹಾಗೆ ನೋಡ್ಕೊಳ್ತೀವಿ ಅಮ್ಮಾ" ಎಂದು ಬೆರಳು ನೆಕ್ಕುತ್ತಾ ಹೇಳಿ ಹೋಗಿದ್ದರು ದೊಡ್ಡ ಮನುಷ್ಯರು. ಆ ಮಾತು ನಂಬಿ ಮನೆ ಮಾರಿದ್ದಾಯಿತು. ಪೇಟೆಯ ಬಾಡಿಗೆ ಮನೆಯಲ್ಲಿ ವಿಲ್ಮಾ ಮೊದಲ ಚಳಿಗಾಲವನ್ನೂ ದಾಟಲಿಲ್ಲ.

ಅಷ್ಟು ಹೊತ್ತು ವಟಗುಟ್ಟುತ್ತಿದ್ದ ಡೆಲ್ಬರ್ಟ್ ಟೋಪಿ ತೆಗೆದು ಎದೆಗೆ ಹಿಡಿದು ನಿಂತುಬಿಟ್ಟ. ಅದನ್ನು ನೋಡಿ ರೊವೀನಾಗೆ ಮೈಯೆಲ್ಲ ಉರಿದುಹೋಯಿತು. ಎರಡೂ ಕೈ ಹಾಕಿ ಫೋಟೋ ಕಿತ್ತಳು.

"ಮೇಡಂ! ಅದು ಸಂಘದ ಆಸ್ತಿ!"

"ನನ್ನಮ್ಮ ಕಣ್ರೀ ಇವಳು! ಅವಳು ಕೊಟ್ಟ ಪೈ ತಿಂದು, ಅವಳ ಬೆನ್ನ ಹಿಂದೆ ಫೋಟೋ ತೆಗೆದು, ಊರವರೆಲ್ಲ ನಗಲಿ ಅಂತ ನೇತು ಹಾಕಿದ್ದೀರಲ್ಲ, ಉಂಡ ಮನೆಗೆ ಎರಡು ಬಗೆಯೋಕೆ ನಾಚಿಕೆ ಆಗಲ್ವಾ ನಿಮಗೆ?"

"ಪೊಲೀಸ್ ಕರೀಬೇಕಾಗುತ್ತೆ ಮೇಡಂ."

"ಕರೀರಿ! ಈ ಹೆಂಗಸು ಯಾರು, ಹೆಸರೇನು ಅಂತ ಅವರು ಕೇಳ್ತಾರೆ. ನೀವೇ ಹೇಳಿ, ನಾನೂ ಕೇಳಿಸ್ಕೊಳ್ತೀನಿ."

ಮಾರ್ಜರಿ ಗೋಡೆಯ ಮೇಲಿನ ಚೀಟಿ ನೋಡಿದಳು; ಅದರಲ್ಲಿ ಹೆಸರಿರಲಿಲ್ಲ. ಕನ್ನಡಕದ ಹೆಂಗಸು ತನ್ನ ಕೈಚೀಲದೊಳಗೆ ಏನನ್ನೋ ಹುಡುಕತೊಡಗಿದಳು. ಅಪ್ಪ, ಮಗಳು ಬಾಗಿಲ ತನಕ ಹೋದರೂ ಯಾರೂ ತಡೆಯಲಿಲ್ಲ.

"ಈಗ ಇನ್ನೊಂದು ಗುಂಪು ಬರುತ್ತೆ" ಎಂದಳು ಮಾರ್ಜರಿ ಹಿಂದಿನಿಂದ, ಅಳು ಬಂದವಳಂತೆ. "ಈ ಖಾಲಿ ಜಾಗದಲ್ಲಿ ನಾನೇನು ತೋರಿಸ್ಲಿ?"

ಡೆಲ್ಬರ್ಟ್ ಟೋಪಿ ತಲೆಗೇರಿಸಿಕೊಂಡು ತಿರುಗಿದ.

"ಪಕ್ಕದಲ್ಲಿದೆಯಲ್ಲಮ್ಮಾ, ನಿಮ್ಮ ಹೊಸ ಅಡುಗೆಮನೆ ಫೋಟೋ. ಅದನ್ನೇ ಇಲ್ಲಿಗೆ ತಗುಲಿಹಾಕು. ಕೆಳಗಿನ ಚೀಟಿ ಹಾಗೇ ಇರ್ಲಿ."