ಮನೆ ಸುತ್ತಿದ ಹಸು

ಹಸು ಅರ್ಧ ದಾರಿಯಲ್ಲಿ ಸಿಕ್ಕಿಕೊಂಡಿತು. ಶಶಿಧರನ ಹೊಸ ಮನೆಯ ಗೋಡೆಗೂ ಪಕ್ಕದ ಮನೆ ಕಾತ್ಯಾಯಿನಿಯವರ ಕಾಂಪೌಂಡಿಗೂ ನಡುವೆ, ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಕೊಂಬಿಗೆ ಸೇವಂತಿಗೆ ಸುತ್ತಿಸಿಕೊಂಡು ಗೃಹಪ್ರವೇಶಕ್ಕೆ ಬಂದ ಹಸು. ಕರು ಮಾತ್ರ ಸಂದಿಯಲ್ಲಿ ಸರಕ್ಕನೆ ನುಸುಳಿ ಆ ಕಡೆ ನಿಂತು 'ಅಂಬಾ' ಎನ್ನುತ್ತಿತ್ತು. ಹಸುವಿನವನು ಹಿಂದಿನಿಂದ ಹಗ್ಗ ಜಗ್ಗಿದ. ಕರುವನ್ನು ಮುಂದೆ ಬಿಟ್ಟು ಯಾವ ತಾಯಿ ಹಿಂದಕ್ಕೆ ಬರುತ್ತಾಳೆ?

"ಹಿಂದಕ್ಕೆ ಎಳೀಬೇಡ ಕಣಪ್ಪೋ!" ಶಶಿಧರನ ತಾಯಿ ಮಂಗಮ್ಮ ಕಳಸ ಹಿಡಿದುಕೊಂಡೇ ಕೂಗಿದರು. "ಸುತ್ತು ಶುರು ಮಾಡಿದ ಹಸು ವಾಪಸ್ ತಿರುಗ್ಬಾರ್ದು. ಮನೆಗೆ ಒಳ್ಳೇದಾಗಾಕಿಲ್ಲ."

ಮಂಗಮ್ಮನದು ಸಾರಕ್ಕಿಯ ಹಳೆಯ ಒಕ್ಕಲು ಮನೆತನ. ಹೊಲವೆಲ್ಲ ಲೇಔಟಾಗಿ ಎಷ್ಟೋ ಕಾಲವಾದರೂ ಅವರಲ್ಲಿ ಒಂದು ಪದ್ಧತಿ ಉಳಿದಿದೆ. ಹೊಸ ಮನೆಯನ್ನು ಹಸು ಒಂದು ಸುತ್ತು ಬಂದ ಮೇಲೇ ಮನೆಯವರು ಒಳಗೆ ಕಾಲಿಡಬೇಕು. ಪದ್ಮನಾಭನಗರದಲ್ಲಿ ಮನೆ ಕಟ್ಟಿಸಿದ ಮಗ ಇದನ್ನು ಮರೆತೇಬಿಟ್ಟಿದ್ದ. ಖಾಲಿ ಬಿಡುತ್ತೇನೆಂದು ಪ್ಲಾನಿನಲ್ಲಿ ತೋರಿಸಿದ್ದ ಪಕ್ಕದ ಜಾಗದಲ್ಲೇ, ರಸ್ತೆಗೆ ಕಾಣದ ಹಾಗೆ ಹಿಂದಕ್ಕೆ, ಒಂದು ಶೀಟಿನ ರೂಮು ಎಬ್ಬಿಸಿದ್ದ. ಯಾರಾದರೂ ಬ್ಯಾಚುಲರ್‌ಗೆ ಬಾಡಿಗೆಗೆ ಕೊಡಬಹುದಲ್ಲ!

ಆ ರೂಮಿನ ಗೋಡೆ ಎದ್ದದ್ದು ಸರಿಯಾಗಿ ಕಾತ್ಯಾಯಿನಿಯವರ ಅಡುಗೆಮನೆ ಕಿಟಕಿಯ ಎದುರಿಗೆ. ಬೆಳಗಿನ ಬಿಸಿಲು ನಿಂತುಹೋಯಿತು. ಮಟಮಟ ಮಧ್ಯಾಹ್ನವೂ ಟ್ಯೂಬ್‌ಲೈಟ್ ಹಾಕದೆ ಅಕ್ಕಿಯಲ್ಲಿನ ಕಲ್ಲು ಕಾಣದು. ಮೊದಲ ದಿನ ಅವರು ಸ್ಟವ್ ಮುಂದೆ ನಿಂತು ಅತ್ತೇಬಿಟ್ಟಿದ್ದರು. ಆಮೇಲೆ ಕಣ್ಣೊರೆಸಿಕೊಂಡು ಪಾಲಿಕೆಗೆ ದೂರು ಕೊಟ್ಟರು. ಎಂಜಿನಿಯರ್ ಬಂದರು, ರಸ್ತೆಯಲ್ಲೇ ನಿಂತು ಮನೆ ನೋಡಿದರು, ಶಶಿಧರ ಕೊಟ್ಟ ಎಳನೀರು ಕುಡಿದರು. "ಎಲ್ಲಾ ಪ್ಲಾನ್ ಪ್ರಕಾರಾನೇ ಇದೆ ಮೇಡಂ" ಎಂದು ಹೊರಟುಹೋದರು. ಮತ್ತೆ ದೂರು, ಮತ್ತೆ ಎಳನೀರು.

ಕಾತ್ಯಾಯಿನಿ ಬೀದಿಜಗಳಕ್ಕೆ ಇಳಿಯುವವರಲ್ಲ. ಮಂಗಮ್ಮ ಕುಂಕುಮದ ಬಟ್ಟಲು ಹಿಡಿದು ಕರೆಯಲು ಬಂದಾಗ ಒಂದೇ ಒಂದು ಮಾತು ಆಡಿದ್ದರು. "ನಿಮ್ಮ ಕಡೆ ಹಸು ಮನೆ ಸುತ್ತುತ್ತೆ ಅಂತಿದ್ರಲ್ಲ ಮಂಗಮ್ಮನೋರೆ, ಅದನ್ನ ನೋಡಕ್ಕೇ ಬರ್ತೀನಿ." ಪದ್ಧತಿ ನೆನಪಿಟ್ಟುಕೊಂಡವರೊಬ್ಬರು ಸಿಕ್ಕರಲ್ಲ ಎಂದು ಮಂಗಮ್ಮನ ಮುಖ ಊರಗಲವಾಗಿತ್ತು.

ಈಗ ನೆಂಟರೆಲ್ಲ ಆ ರೂಮಿನ ಪಕ್ಕದ ಸಂದಿಗೆ ಇಣುಕುತ್ತಿದ್ದರು. ಅತಿಥಿಯಾಗಿ ಬಂದಿದ್ದ ಎಂಜಿನಿಯರೂ ಇದ್ದರು, ಕೈಯಲ್ಲಿ ಅರ್ಧ ತಿಂದ ಉದ್ದಿನವಡೆ. ಶಶಿಧರ ಬೆವರೊರೆಸಿಕೊಳ್ಳುತ್ತ, ಕಾಂಪೌಂಡಿನ ಆಚೆ ನಿಂತಿದ್ದ ಕಾತ್ಯಾಯಿನಿಗೆ ಕೈಮುಗಿದ.

"ಆಂಟಿ, ಮುಹೂರ್ತ ಮೀರೋಕೆ ಇನ್ನೊಂದೇ ಗಂಟೆ ಇದೆ. ನಿಮ್ಮ ಕಾಂಪೌಂಡ್ ಒಂಚೂರು ಒಡೆದ್ಬಿಡ್ತೀವಿ. ನಾಳೇನೇ ಕಟ್ಟಿಸ್ಕೊಡ್ತೀನಿ."

"ಒಡೀರಪ್ಪ, ಹಸುಗಿಂತ ಗೋಡೆ ಹೆಚ್ಚಾ?" ಎಂದರು ಕಾತ್ಯಾಯಿನಿ. "ಆದ್ರೆ ಎಂಜಿನಿಯರ್ ಸಾಹೇಬ್ರು ಇಲ್ಲೇ ಇದ್ದಾರಲ್ಲ. ಪ್ಲಾನ್‌ನಲ್ಲಿ ಇಲ್ಲದ ಗೋಡೆ ಯಾವ್ದು ಅಂತ ಅವ್ರೇ ಹೇಳ್ಲಿ. ಅದನ್ನೇ ಒಡೀರಿ."

ಎಲ್ಲರೂ ತಿರುಗಿ ನೋಡಿದರು. ಎಂಜಿನಿಯರ್ ಇಂಗು ತಿಂದ ಮಂಗನಂತಾದರು. "ಅದೂ... ಈಗ ನೋಡೋಕೆ ಹೋದ್ರೆ..."

"ಸಾರ್," ಮಂಗಮ್ಮ ಮುಂದೆ ಬಂದರು. "ಹಸು ಎದುರಿಗೆ ನಿಂತು ಸುಳ್ಳು ಹೇಳ್ಬಾರ್ದು. ಎಲ್ಲಾದಕ್ಕೂ ಪರ್ಮಿಷನ್ ಐತೆ ಅಂತ ಇವ್ನು ನಂಗೆ ಹೇಳವ್ನೆ. ಆ ರೂಮಿಗೆ ಐತಾ, ಇಲ್ವಾ?"

ಎಂಜಿನಿಯರ್ ವಡೆ ಕೆಳಗಿಟ್ಟರು. ಹಸು ದೊಡ್ಡ ಕಣ್ಣು ಬಿಟ್ಟು ಅವರನ್ನೇ ನೋಡುತ್ತಿತ್ತೋ ಏನೋ, ಅವರಿಗಂತೂ ಹಾಗೆ ಅನ್ನಿಸಿತು. "ಇಲ್ಲಮ್ಮ. ಆ ರೂಮು ಪ್ಲಾನ್‌ನಲ್ಲಿ ಇಲ್ಲ."

ಮಂಗಮ್ಮ ಮಗನ ಮುಖ ಸಹ ನೋಡಲಿಲ್ಲ. "ಮುನಿಯಣ್ಣ!" ಎಂದು ಕರೆದರು. ಮನೆ ಕಟ್ಟಿದ ಗಾರೆ ಮೇಸ್ತ್ರಿ ಮುನಿಯಣ್ಣ ಆಗತಾನೇ ಉಡುಗೊರೆಯ ಹೊಸ ಪಂಚೆ ಉಟ್ಟು, ಎಲೆಅಡಿಕೆ ಹಿಡಿದು ನಿಂತಿದ್ದ. "ಪಂಚೆ ಎತ್ತಿ ಕಟ್ಟು. ಸುತ್ತಿಗೆ ತಗೊ. ಆ ರೂಮು ಇರ್ಬಾರ್ದು."

"ಅಮ್ಮಾ, ಟೈಲ್ಸ್ ಹಾಕ್ಸಿದೀನಿ!"

"ಹಾಕ್ಸು ಅಂದೋರು ಯಾರ್ಲಾ?"

ಮಾಡಿದ್ದುಣ್ಣೋ ಮಹಾರಾಯ. ಮುನಿಯಣ್ಣ ಮೊದಲು ಶೀಟು ಇಳಿಸಿದ. ಆಮೇಲೆ ಹಸುವಿಗೆ ತಾಗದಂತೆ ಒಂದೊಂದೇ ಇಟ್ಟಿಗೆಯನ್ನು ಒಳಕ್ಕೆ ಬೀಳಿಸುತ್ತ ಹೋದ. ಅದು ಬೆದರದಿರಲೆಂದು ಕಾತ್ಯಾಯಿನಿ ಕಾಂಪೌಂಡಿನ ಮೇಲಿಂದ ಬಾಗಿ ಬಾಳೆಹಣ್ಣು ತಿನ್ನಿಸುತ್ತ ಕತ್ತು ಸವರುತ್ತಿದ್ದರು. ಇಟ್ಟಿಗೆ ಬಿದ್ದ ಸದ್ದು ಕೇಳಿದಾಗಲೆಲ್ಲ ಅವರಿಗೆ, ಸುಳ್ಳೇಕೆ ಹೇಳಬೇಕು, ಅಲ್ಲೇ ಕುಣಿಯಬೇಕು ಅನ್ನಿಸುತ್ತಿತ್ತು.

ದಾರಿ ಬಿಟ್ಟಿತು. ಹಸು ಮೈ ಕೊಡವಿ ಮುಂದೆ ನಡೆಯಿತು, ಕರುವನ್ನು ನೆಕ್ಕಿತು, ಸುತ್ತು ಮುಗಿಸಿತು. ವಾಲಗದವರು ಜೋರಾಗಿ ಊದಿದರು. ಹಸು, ಕರು, ಹಿಂದೆ ಮಂಗಮ್ಮ, ಅವರ ಹಿಂದೆ ತಲೆ ತಗ್ಗಿಸಿದ ಶಶಿಧರ, ಹೀಗೆ ಎಲ್ಲರೂ ಮುಹೂರ್ತ ಮೀರುವ ಮೊದಲೇ ಹೊಸ್ತಿಲು ದಾಟಿದರು.

ಊಟ ಮಾಡಿಕೊಂಡು ಹೊರಟ ಎಂಜಿನಿಯರ್, ಖಾಲಿಯಾದ ಜಾಗದ ಕಡೆ ಕೈ ತೋರಿಸಿ, "ಈಗ ಎಲ್ಲಾ ಪ್ಲಾನ್ ಪ್ರಕಾರ ಇದೆ" ಎಂದರು.

ಮಂಗಮ್ಮ ತಾಂಬೂಲ ಕೊಡುತ್ತ ಹೇಳಿದರು. "ಅಳತೆ ಟೇಪ್ ಬದ್ಲು ನೀವೂ ಒಂದು ಹಸು ಇಟ್ಕೊಳಿ ಸಾರ್."

ಪಕ್ಕದ ಮನೆಯಲ್ಲಿ ಕಾತ್ಯಾಯಿನಿ ಅಡುಗೆಮನೆಗೆ ಹೋಗಿ ಟ್ಯೂಬ್‌ಲೈಟ್ ಆರಿಸಿದರು.