ಅತ್ತೆಯ ಕಾರು ಏರು ಹತ್ತಿದ್ದು

ಗೇಟು ಕಿರುಗುಟ್ಟಿದಾಗ ಅಳಿಯ ಕಾರಿನ ಬಾನೆಟ್ಟಿನೊಳಗೆ ಸೊಂಟದವರೆಗೆ ಬಗ್ಗಿ ಗಾಳಿಯ ಪೈಪಿನ ಕೊನೆಯ ಕ್ಲಾಂಪನ್ನು ಬಿಗಿ ಮಾಡುತ್ತಿದ್ದ. ತಲೆ ಎತ್ತಿ ನೋಡಿದರೆ, ನಾಳೆ ಬರಬೇಕಾಗಿದ್ದ ಅತ್ತೆ ಇವತ್ತೇ ಬಂದು ನಿಂತಿದ್ದರು. ಬ್ಯಾಗನ್ನು ಕೆಳಗೂ ಇಟ್ಟಿರಲಿಲ್ಲ. ಅವರ ಕಾಲ ಬುಡದಲ್ಲಿ ಅವರದೇ ಕಾರಿನ ಬಂಪರು, ಪಕ್ಕದಲ್ಲಿ ಅದರಿಂದ ಕೊಯ್ದು ತೆಗೆದ ಅಂಗೈಯಗಲದ ತುಂಡು.

"ಏನಿದು?"

"ಇಂಟರ್‌ಕೂಲರ್, ಅತ್ತೆ. ಈ ಕಾರಿಗೆ ಟರ್ಬೊ ಇದೆಯಲ್ಲ, ಅದು ಇಂಜಿನ್ನಿಗೆ ಗಾಳಿ ತುರುಕುತ್ತೆ. ತುರುಕೋವಾಗ ಗಾಳಿ ಕಾಯುತ್ತೆ, ಕಾದ ಗಾಳೀಲಿ ಕಸುವಿರಲ್ಲ. ಇದು ಅದನ್ನ ದಾರೀಲೇ ತಣ್ಣಗೆ ಮಾಡಿ ಕಳಿಸುತ್ತೆ. ಇನ್ಮೇಲೆ ಏರಲ್ಲಿ ಉಸಿರು ಕಟ್ಟಲ್ಲ."

"ನನ್ನ ಬಂಪರ್ ಯಾಕೆ ಕೊಯ್ದಿರಿ?"

"ಇದು ಕೂರೋಕೆ ಜಾಗ ಇರ್ಲಿಲ್ಲ."

ಅಳಿಯನದು ಫ್ರಿಜ್ ರಿಪೇರಿ ಕೆಲಸ; ತಣ್ಣಗೆ ಮಾಡುವ ಯಾವ ವಸ್ತು ಕಂಡರೂ ಕೈ ಸುಮ್ಮನಿರುವುದಿಲ್ಲ. ಆದರೆ ಕಾರು ಮಾವನದು. ಮಾವ ತೀರಿಕೊಂಡ ಮೇಲೆ ಅತ್ತೆ ಅದನ್ನು ಒರೆಸುವುದಕ್ಕೂ ಇನ್ನೊಬ್ಬರ ಕೈಗೆ ಬಟ್ಟೆ ಕೊಟ್ಟವರಲ್ಲ. ಅಂಥ ಕಾರಿಗೆ ಇವನು ಗರಗಸ ಹಾಕಿದ್ದ. ಅಡುಗೆಮನೆ ಕಿಟಕಿಯಿಂದ ಹೆಂಡತಿ ಇಣುಕಿ, "ಅಮ್ಮಾ, ನಾನಂತೂ ಬೇಡ ಅಂದಿದ್ದೆ" ಎಂದು ಕಿಟಕಿ ಮುಚ್ಚಿಕೊಂಡಳು. ಕಟ್ಟಿಕೊಂಡವಳೇ ಕೈಬಿಟ್ಟ ಮೇಲೆ ಇನ್ನು ಯಾರನ್ನು ನಂಬುವುದು!

"ಕೊಯ್ದಿದ್ದು ಮತ್ತೆ ಬೆಳೆಯುತ್ತಾ?" ಅತ್ತೆ ಬ್ಯಾಗನ್ನು ಜಗಲಿಯ ಮೇಲಿಟ್ಟರು. "ಜೋಡಿಸಿ. ಟ್ಯಾಂಕಿನ ಏರು ಹತ್ತಿಸಿ ನೋಡ್ತೀನಿ. ಹೆಚ್ಚುಕಮ್ಮಿ ಏನಾದ್ರೂ ಆದ್ರೆ, ಅಳಿಯಂದಿರೇ, ಇನ್ಮೇಲೆ ಈ ಮನೇಲಿ ನೀವು ಫ್ರಿಜ್ಜಿನ ಬಾಗಿಲೂ ತೆಗೀಬಾರ್ದು."

ನೀರಿನ ಟ್ಯಾಂಕಿನ ಪಕ್ಕ ಹಾದು ಹೋಗುವ ಆ ಏರಿಗೆ ಅತ್ತೆಯ ಕಾರಿನಲ್ಲಿ ಒಂದು ಕಟ್ಟಳೆ ಇತ್ತು. ಬುಡಕ್ಕೆ ಬಂದ ಕೂಡಲೇ ಏಸಿ ಬಂದ್, ಮಾತು ಬಂದ್, ಕೂತವರೆಲ್ಲ ಮುಂದಕ್ಕೆ ಬಾಗಬೇಕು. ಬಾಗಿದರೆ ಕಾರಿಗೆ ಹಗುರವಾಗುತ್ತದೆ ಎಂದು ಯಾರು ಹೇಳಿದ್ದರೋ ದೇವರೇ ಬಲ್ಲ. ಮದುವೆಯಾದ ಹೊಸತರಲ್ಲಿ ಇವನೂ ಹೊಸ ಶರ್ಟಿನಲ್ಲಿ, ಮಾವನ ಬೆನ್ನ ಹಿಂದೆ, ಬೆಪ್ಪನಂತೆ ಬಾಗಿ ಕೂತಿದ್ದ.

ಈಗಲೂ ಬುಡದಲ್ಲಿ ಅತ್ತೆಯ ಕೈ ಏಸಿಯ ಗುಂಡಿಗೆ ಹೋಯಿತು.

"ಇರ್ಲಿ ಬಿಡಿ ಅತ್ತೆ" ಎಂದ ಅಳಿಯ. ಧೈರ್ಯವಾಗಿ ಹೇಳಿದನೇ ಹೊರತು ಅವನ ಮೈ ಆಗಲೇ ಮುಂದಕ್ಕೆ ಬಾಗಿತ್ತು. ಅತ್ತೆಯೂ ಸ್ಟಿಯರಿಂಗಿಗೆ ಎದೆ ತಾಗುವಂತೆ ಬಾಗಿದ್ದರು.

ಅರ್ಧ ಏರಿನಲ್ಲಿ ಬಾನೆಟ್ಟಿನೊಳಗೆ ಪಟ್ಟೆಂದು ಸದ್ದಾಯಿತು. ಹಿಂದೆ ಕಪ್ಪು ಹೊಗೆ ಎದ್ದಿತು. ಕಾರು ಏದುಸಿರು ಬಿಟ್ಟು ಮುಂದೆ ಹೋಗಲೊಲ್ಲದೆ ನಿಂತಿತು. ಅತ್ತೆ ಹ್ಯಾಂಡ್‌ಬ್ರೇಕ್ ಎಳೆದರು. ಮುಗಿಯಿತು, ಮಾವನ ಕಾರನ್ನು ಕೊಂದೆ ಎಂದುಕೊಂಡು ಅಳಿಯ ಇಳಿದು ಬಾನೆಟ್ ಎತ್ತಿದ.

ಇಂಜಿನ್ನಿಗೆ ಏನೂ ಆಗಿರಲಿಲ್ಲ. ಗಾಳಿಯ ರಬ್ಬರ್ ಪೈಪೊಂದು ಕಳಚಿ ಬಾಯಿ ಬಿಟ್ಟುಕೊಂಡು ಬಿದ್ದಿತ್ತು, ಅಷ್ಟೆ. ಅಳಿಯನಿಗೆ ಹೋದ ಜೀವ ಅರ್ಧ ಬಂತು.

"ಒಂದು ಕ್ಲಾಂಪ್ ಬಿಗಿ ಮಾಡಿರ್ಲಿಲ್ಲ ಅತ್ತೆ. ಮಾಡ್ತಾ ಇದ್ದೆ, ಅಷ್ಟರಲ್ಲಿ ನೀವು ಗೇಟು ತೆಗೆದ್ರಿ."

"ಓಹೋ, ತಪ್ಪು ನಂದಾ?"

"ಅಯ್ಯೋ, ಹಾಗಲ್ಲ."

"ಹಾಗೇ ಹೇಳಿದ್ದು. ಬಿಗಿ ಮಾಡಿ ಬೇಗ" ಎಂದವರೇ ಅತ್ತೆ ರಸ್ತೆ ನಡುವೆ ಹೋಗಿ, ಹಿಂದೆ ಬರುತ್ತಿದ್ದ ಲಾರಿಗೆ ಅಂಗೈ ತೋರಿಸಿ ನಿಲ್ಲಿಸಿದರು. ಲಾರಿಯವನು ಹಾರ್ನ್ ಹೊಡೆಯಲೂ ಇಲ್ಲ. ಆ ಮುಖ ನೋಡಿದವರು ಯಾರೂ ಹೊಡೆಯುತ್ತಿರಲಿಲ್ಲ. ಅಳಿಯ ಬಿಸಿ ಪೈಪಿಗೆ ಬೆರಳು ಸುಟ್ಟುಕೊಂಡು ಅದನ್ನು ಜಾಗಕ್ಕೆ ತುರುಕಿ, ಸ್ಕ್ರೂಡ್ರೈವರ್ ಇನ್ನು ತಿರುಗದು ಎನ್ನುವವರೆಗೆ ತಿರುಗಿಸಿದ.

ಅರ್ಧ ಏರಿನಲ್ಲಿ ನಿಂತ ಕಾರನ್ನು ಮತ್ತೆ ಎಬ್ಬಿಸುವುದೆಂದರೆ ಹುಡುಗಾಟವಲ್ಲ. ಅತ್ತೆ ಗೇರ್ ಹಾಕಿದರು. ಅಳಿಯ ಕಣ್ಣು ಮುಚ್ಚಿದ. ಈ ಸಲ ಪಟ್ಟೆನ್ನುವ ಸದ್ದಾಗಲಿಲ್ಲ. ಕಣ್ಣು ಬಿಟ್ಟರೆ ಟ್ಯಾಂಕು ದೊಡ್ಡದಾಗುತ್ತಾ ಹತ್ತಿರ ಬರುತ್ತಿತ್ತು, ಕನ್ನಡಿಯಲ್ಲಿ ಲಾರಿ ಸಣ್ಣದಾಗುತ್ತಿತ್ತು. ಏಸಿಯ ತಣ್ಣನೆ ಗಾಳಿ ಅವನ ಬೆವರಿದ ಮುಖಕ್ಕೆ ಬಡಿಯುತ್ತಿತ್ತು. ಅತ್ತೆ ಇನ್ನೂ ಒಂದು ಗೇರ್ ಮೇಲಕ್ಕೆ ಹಾಕಿದರು. ಈ ಏರಿನಲ್ಲಿ ಆ ಗೇರು ಬಿದ್ದದ್ದನ್ನು ಅವನು ನೋಡಿದ್ದು ಇದೇ ಮೊದಲು. ಸದ್ಯ, ಬದುಕಿದೆ ಎಂದು ಅವನು ಉಸಿರು ಬಿಟ್ಟ.

ನೆತ್ತಿಯಲ್ಲಿ ಟ್ಯಾಂಕಿನ ನೆರಳಿಗೆ ಅತ್ತೆ ಕಾರು ನಿಲ್ಲಿಸಿದರು.

"ನಿಮ್ಮ ಮಾವನೂ ಇದನ್ನೇ ಹಾಕ್ತೀನಿ ಅಂತಿದ್ರು" ಎಂದರು ಆಮೇಲೆ. "ಬಂಪರ್ ಕೊಯ್ಬೇಕು ಅಂದ್ರು. ಬೇಡ ಅಂದೆ. ಮತ್ತೊಂದ್ಸಲ ಕೇಳಿದ್ರು, ಮತ್ತೆ ಬೇಡ ಅಂದೆ. ಪಾಪ, ಕೊನೇವರೆಗೂ ಬಾಗಿಕೊಂಡೇ ಹತ್ತಿದ್ರು."

ಅಳಿಯ ಸುಟ್ಟ ಬೆರಳನ್ನು ಏಸಿಯ ಗಾಳಿಗೆ ಹಿಡಿದ.

"ನೀವು ಕೇಳಿದ್ದಿದ್ರೆ ನಿಮಗೂ ಬೇಡ ಅಂತಿದ್ದೆ." ಸೆರಗಿನಿಂದ ಮೂಗು ಒರೆಸಿಕೊಂಡು ಅತ್ತೆ ಕಾರನ್ನು ಬಂದ ದಾರಿಗೇ ತಿರುಗಿಸಿದರು. ಬುಡದವರೆಗೆ ಇಳಿಸಿ, ಮತ್ತೆ ಏರಿಗೆ ಮುಖ ಮಾಡಿ ನಿಲ್ಲಿಸಿದರು. ಅಭ್ಯಾಸಬಲದಿಂದ ಅಳಿಯ ಮತ್ತೆ ಮುಂದಕ್ಕೆ ಬಾಗಿದ್ದ.

ಅತ್ತೆ ಎಡಗೈ ಚಾಚಿ ಅವನ ಭುಜವನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದರು.

"ಒರಗಿ ಕೂತ್ಕೊಳ್ಳಿ."