ಒರೆಸದ ಮುಖ

ಒದ್ದೆ ಹತ್ತಿಗೆ ಕಪ್ಪು ಗೆರೆಯೊಂದು ಅಂಟಿಕೊಂಡು ಬಂದದ್ದೇ ತಡ, ಏಣಿಯ ಮೇಲಿದ್ದ ಮೋತಿಬಿ ಕೈ ಹಿಂದಕ್ಕೆಳೆದಳು. ಗಾಜಿನತ್ತ ನೋಡಿದಳು. ಯೇಸುವಿನ ಬಲಗೈಯಲ್ಲಿ ಕಿರುಬೆರಳು ಇರಲಿಲ್ಲ. ಅದಿದ್ದ ಜಾಗದಲ್ಲಿ ಬರೀ ತಿಳಿಗಾಜು.

ಬೆಟಗೇರಿಯ ಆ ಹಳೆಯ ಚರ್ಚಿನ ದೊಡ್ಡ ಕಿಟಕಿಯನ್ನು ನೂರಾರು ಬಣ್ಣದ ಗಾಜಿನ ತುಂಡು ಹೊಂದಿಸಿ, ನಡುವೆ ಸೀಸದ ಪಟ್ಟಿ ಕೂಡಿಸಿ ಕಟ್ಟಿದ್ದರು. ಕೆಳಗೆ ಹಸಿರು ಹುಲ್ಲು, ಮೇಲೆ ನೀಲಿ ಆಕಾಶ, ನಡುವೆ ಬಿಳಿ ನಿಲುವಂಗಿ ತೊಟ್ಟು ಕುರಿಮರಿಯನ್ನು ಎದೆಗವಚಿಕೊಂಡ ಯೇಸು. ಕರೆಂಟು ಬರುವ ಮುಂಚಿನ ದೀಪಗಳ ಹೊಗೆಯೆಲ್ಲ ಅದರ ಮೇಲೆ ಕೂತಿತ್ತು. ಮೋತಿಬಿ ನಾಲ್ಕು ದಿನದಿಂದ ಒಂದೊಂದೇ ತುಂಡು ಒರೆಸುತ್ತ ಬಂದಿದ್ದಳು. ಒತ್ತಿದರೆ ಮೆತ್ತನೆಯ ಸೀಸ ಬಾಗುತ್ತದೆ, ನೀರು ಸುರಿದರೆ ಸಂದಿಗೆ ಮೆತ್ತಿದ ಪುಟ್ಟಿ ಉದುರುತ್ತದೆ. ಇದೆಲ್ಲ ಅವಳು, ಕಿಟಕಿಯ ಗಾಜು ಒರೆಸುತ್ತಿದ್ದ ಗಂಡ ಉಸ್ಮಾನಸಾಬನ ಏಣಿ ಹಿಡಿದು ನಿಂತು ಕಲಿತದ್ದು. ಅವನು ತೀರಿಹೋದ ಮೇಲೆ ಸೀರೆಯ ಕಚ್ಚೆ ಹಾಕಿ ತಾನೇ ಏಣಿ ಹತ್ತಿದಳು. ಗದಗಿನ ಬಟ್ಟೆ ಅಂಗಡಿಯವರು ಮೊದಮೊದಲು ನಕ್ಕರು, ಆಮೇಲೆ ಅಂಗಡಿಯ ಗಾಜು ಒರೆಸಲು ಅವಳನ್ನೇ ಕರೆದರು.

ಹುಲ್ಲಿನ ಹಸಿರು, ಅಂಗಿಯ ಬಿಳುಪು ಗಾಜಿನೊಳಗೇ ಇದ್ದವು. ಎಷ್ಟು ಒರೆಸಿದರೂ ಹೋಗುವಂಥವಲ್ಲ. ಆದರೆ ಕೈ ಮತ್ತು ಮುಖ ಹಾಗಲ್ಲ. ಗಾಜಿನ ಮೇಲೆ ಕುಂಚದಿಂದ ಬರೆದವು. ಅದು ಈಗ, ಒಂದು ಬೆರಳು ಹೋದ ಮೇಲೆ, ಅವಳಿಗೆ ತಿಳಿಯಿತು.

ಕೆಳಗೆ ಸಭೆಯ ಹಿರಿಯ ಎಲೀಯಪ್ಪ ಬೆಂಚುಗಳನ್ನು ಸಾಲು ಹಿಡಿಸುತ್ತಿದ್ದರು. ಎರಡಾಳು ಎತ್ತರದಲ್ಲಿದ್ದ ಕಿರುಬೆರಳು ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ಸುಮ್ಮನಿದ್ದಿದ್ದರೆ ನಡೆದುಹೋಗುತ್ತಿತ್ತು. ಮೋತಿಬಿ ಕೂಗಿ ಹೇಳಿದಳು.

“ಅಣ್ಣಾರ, ನನ್ನ ಕೈಯಾಗ ಒಂದ ತಪ್ಪಾತ್ರಿ. ಇವರ ಕಿರುಬೆರಳು ಅಳಿಸಿ ಹೋತು.”

ಎಲೀಯಪ್ಪ ಕಣ್ಣು ಕಿರಿದು ಮಾಡಿ ನೋಡಿದರು. “ನನಗೇನೂ ಕಾಣವಲ್ದು. ಹೋಗ್ಲಿ ಬಿಡು. ಇನ್ನ ಜಲ್ದಿ ಮುಖ ಒರಸು. ನಾಡದು ಆಯ್ತವಾರ ಬಿಷಪ್ಪರು ಬರ್ತಾರ.”

“ಮುಖ ಒರಸಂಗಿಲ್ರಿ.”

“ಏನಂದಿ?”

“ಮುಖಾನೂ ಕೈಯಂಗ ಮ್ಯಾಲ ಬರದದ್ದು. ನಾ ಮುಟ್ಟಿದ್ರ ಕಣ್ಣು, ಮೂಗು ಎಲ್ಲಾ ಈ ಹತ್ತಿಗೆ ಬರ್ತಾವು. ಅದನ್ನ ಹಂಗ ಬಿಡೂಣ್ರಿ.”

“ಅಂಗಿ ಬೆಳ್ಳಗ, ಮುಖಕ್ಕ ಮಸಿ! ಬಿಷಪ್ಪರ ಮುಂದ ನನ್ನ ಮರ್ಯಾದಿ ತಗೀತಿ ಏನು?” ಎಲೀಯಪ್ಪನವರ ದನಿ ಏರಿತು. “ನಿನ್ನ ಕೈಲೆ ಆಗದಿದ್ರ ಇಳಿ. ಹುಬ್ಬಳ್ಳಿಯಿಂದ ಬ್ಯಾರೇದವರನ್ನ ಕರಸ್ತೀನಿ. ಶಾಲಿ ಕಿಟಕಿ ಕೆಲಸಾನೂ ಅವರಿಗೇ ಕೊಡ್ತೀನಿ.”

ವರ್ಷವಿಡೀ ಮೋತಿಬಿಯ ಒಲೆ ಉರಿಯುತ್ತಿದ್ದುದೇ ಚರ್ಚಿನ ಆ ಶಾಲೆಯ ಕಿಟಕಿ ಒರೆಸಿದ ಕೂಲಿಯಿಂದ. ಅವಳ ಕೈ ಏಣಿಯ ಮೆಟ್ಟಿಲನ್ನು ಬಿಗಿಯಾಗಿ ಹಿಡಿಯಿತು. ಇಳಿದರೆ ನಾಳೆ ಯಾರೋ ಬರುತ್ತಾರೆ, ಬಕೆಟ್ಟಿನಲ್ಲಿ ಸೋಡಾಪುಡಿ ಕಲಸುತ್ತಾರೆ, ಎರಡೇ ಉಜ್ಜಿಗೆ ಮುಖ ಬೋಳಾಗುತ್ತದೆ.

“ಇಳಿಯಂಗಿಲ್ರಿ,” ಎಂದಳು. “ನೀವ ಆ ಕಡಿಂದ ಹತ್ತಿ ಬಂದು ಒಮ್ಮೆ ಕಣ್ಣಿಟ್ಟು ನೋಡ್ರಿ. ನೋಡಿದ ಮ್ಯಾಲೂ ಒರಸೂದ ಖರೆ ಅಂದ್ರ, ಹತ್ತಿ ನಿಮ್ಮ ಕೈಯಾಗ ಕೊಡ್ತೀನಿ. ನೀವ ಒರಸ್ರಿ.”

ಅದು ಎರಡೂ ಬದಿಯಿಂದ ಹತ್ತುವ ಏಣಿ. ಅರವತ್ತು ದಾಟಿದ ಎಲೀಯಪ್ಪ ಧೋತರ ಎತ್ತಿ ಕಟ್ಟಿ, ಗೊಣಗುತ್ತಲೇ ಹತ್ತಿದರು. ಕೊನೆಯ ಮೆಟ್ಟಿಲಿಗೆ ಬಂದಾಗ ಅವರ ಗೊಣಗಾಟ ನಿಂತಿತು. ಹುಟ್ಟಿದಾಗಿನಿಂದ ಬೆಂಚಿನ ಮೇಲೆ ಕೂತು ನೋಡಿದ ಮುಖ ಈಗ ಒಂದು ಗೇಣು ದೂರದಲ್ಲಿತ್ತು. ಮಸಿಯ ಕೆಳಗೆ ರೆಪ್ಪೆಯ ಒಂದೊಂದು ಕೂದಲನ್ನೂ ಯಾರೋ ಬಿಡಿಸಿ ಬರೆದಿದ್ದರು. ಕೆನ್ನೆಯ ಮೇಲೆ ಬಣ್ಣ ಸುಟ್ಟ ಹಪ್ಪಳದಂತೆ ಅಲ್ಲಲ್ಲಿ ಎದ್ದಿತ್ತು.

ಮೋತಿಬಿ ಹತ್ತಿ ಚಾಚಿದಳು. ಅವರು ತೆಗೆದುಕೊಂಡರು. ಇನ್ನೂ ಹತ್ತಿರ ಬಗ್ಗಿದರು. ಏರಿ ಬಂದ ದಮ್ಮಿಗೆ ಅವರು ಬಿಟ್ಟ ಉಸಿರು ತಾಗಿ, ಹುಬ್ಬಿನ ತುದಿಯಿಂದ ಸಾಸಿವೆಯಷ್ಟು ಬಣ್ಣದ ಚೂರು ಕಳಚಿ ಅವರ ಮುಂಗೈ ಮೇಲೆ ಬಿತ್ತು.

ಎಲೀಯಪ್ಪ ತಟ್ಟನೆ ಬಾಯಿಗೆ ಕೈ ಅಡ್ಡ ಹಿಡಿದರು. ಆಮೇಲೆ ಹತ್ತಿಯನ್ನು ಅವಳಿಗೆ ಹಿಂದಕ್ಕೆ ಕೊಟ್ಟು ಇಳಿಯತೊಡಗಿದರು. ನೆಲ ಮುಟ್ಟಿದ ಮೇಲೆ, ಮೇಲೆ ನೋಡದೆಯೇ ಹೇಳಿದರು: “ಕೆಳಗ ಹುಲ್ಲು ಇನ್ನೂ ಹೊಲಸೈತಿ. ಅದನ್ನರ ಲಗೂ ಮುಗಸು.”

ರವಿವಾರ ಬಿಷಪ್ಪರು ಬಂದರು. ಎಳೆಬಿಸಿಲು ಕಿಟಕಿಗೆ ಬಿದ್ದದ್ದೇ, ಹುಲ್ಲು ಈಗಷ್ಟೇ ಚಿಗುರಿದಂತೆ ಹೊಳೆಯಿತು. ಅಂಗಿ ಅಷ್ಟು ಬೆಳ್ಳಗಾದ್ದರಿಂದ ಮುಖ ಇನ್ನಷ್ಟು ಕಪ್ಪಾಗಿ ಕಂಡಿತು. ಎಲೀಯಪ್ಪ ಪ್ರಾರ್ಥನೆ ಮುಗಿಯುವವರೆಗೂ ತಲೆ ಎತ್ತಲಿಲ್ಲ. ಬಾಗಿಲ ಹೊರಗೆ ನಿಂತಿದ್ದ ಮೋತಿಬಿ ಜನರ ಮುಖಗಳನ್ನೇ ನೋಡುತ್ತಿದ್ದಳು.

ಮಂದಿ ಚದುರುವಾಗ, ಅಸುಂಡಿಯಿಂದ ನಡೆದುಬಂದಿದ್ದ ಮುದುಕಿ ದೇವವ್ವ ಕಿಟಕಿಯ ಕೆಳಗೆ ನಿಂತುಬಿಟ್ಟಳು. ಎಲೀಯಪ್ಪ ಏನು ಅನ್ನಿಸಿಕೊಳ್ಳಬೇಕಾಗುತ್ತದೋ ಎಂದು ಅಳುಕುತ್ತ ಅವಳ ಹತ್ತಿರ ಬಂದರು.

“ಎಲೀಯಪ್ಪಾ, ಇವತ್ತ ನೋಡು,” ಎಂದಳು ದೇವವ್ವ, ಕಣ್ಣು ತೆಗೆಯದೆ. “ಆಯ್ತವಾರ ಅಂತ ಒಗದ ಅಂಗಿ ಹಾಕ್ಕೊಂಡಾನ. ಆದ್ರ ಮುಖ ನೋಡಿದ್ರ ತಿಳೀತೈತಿ, ಇಂವ ದಿನಾ ಬಿಸಿಲಾಗ ನಿಂತು ಕುರಿ ಕಾಯಾಂವ.”